2020ರ ಮಾರ್ಚ್ ಮತ್ತು ಹಸಿರು ಬಾಂಡುಗಳು

ಪರಿಸರಕ್ಕೆ ಹಿತವಾದ ಕಾರ್ಯಗಳಿಗೆಂದೇ ಸಾಲವೆತ್ತುವ ‘ಹಸಿರು ಬಾಂಡು’ಗಳ ಇತಿಹಾಸವು 2007ರಲ್ಲಿ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಿಂದ ಆರಂಭವಾಯಿತು. ಮರುವರ್ಷ ವಿಶ್ವಬ್ಯಾಂಕು ಅದೇ ಹಾದಿಯನ್ನು ಹಿಡಿಯಿತು. ಇವು ಆಪತ್ಕಾಲದಲ್ಲಿಯೂ ಬೆಲೆ ಕಳೆದುಕೊಳ್ಳವೆಂದು ನಂಬಿ ನಿಧಿಯನ್ನು ತೊಡಗಿಸಬಯಸುವ ಧರ್ಮದರ್ಶಿಗಳು ಕೋವಿಡ್ ಮಹಾಮಾರಿಯ ಮೊದಲ ವಾರಗಳನ್ನು ಅವಲೋಕಿಸುವುದು ಒಳಿತು.

2020ರ ಮಾರ್ಚಿನಲ್ಲಿ ಎಲ್ಲರಿಗೂ ಬೇಕಾದುದು ನಗದೊಂದೇ. ಜನರು ಹಣವನ್ನು ಹಿಂತೆಗೆಯಲು, ಬಾಂಡು ನಿಧಿಗಳು ಮಾರಲು ಸಾಧ್ಯವಾದುದನ್ನೆಲ್ಲ ಮಾರಿದವು. ಅಮೆರಿಕ ಸರಕಾರದ ಸಾಲಪತ್ರಗಳಿಗೂ ಕೊಳ್ಳುವವರು ವಿರಳವಾದರು. ಹಸಿರು ಬಾಂಡುಗಳೂ ಸಾಮಾನ್ಯ ಬಾಂಡುಗಳೊಡನೆಯೇ ಇಳಿದವು. ವ್ಯಾಪಾರಿಯಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು: ಹಣದ ವಿನಿಯೋಗ ಬೇರೆಯಾದರೂ ಮರುಪಾವತಿಯ ಹೊಣೆ ಸಾಮಾನ್ಯವಾಗಿ ಅದೇ ಸಂಸ್ಥೆಯದಷ್ಟೆ! ಮಾರ್ಚ್ 18ರಂದು ಯುರೋಪಿನ ಕೇಂದ್ರ ಬ್ಯಾಂಕು 75,000 ಕೋಟಿ ಯೂರೋಗಳ ಖರೀದಿಯನ್ನು ಘೋಷಿಸಿತು. 23ರಂದು ಅಮೆರಿಕದ ಫೆಡರಲ್ ರಿಸರ್ವ್ ಕಂಪನಿಗಳ ಬಾಂಡುಗಳನ್ನೂ ಕೊಳ್ಳುವುದಾಗಿ ಸಾರಿತು. ಬಳಿಕ ಎರಡು ಬಗೆಯವೂ ಒಟ್ಟಿಗೆ ಚೇತರಿಸಿಕೊಂಡವು.

ಅದೇ ಸೆಪ್ಟೆಂಬರಿನಲ್ಲಿ ಜರ್ಮನಿಯು 650 ಕೋಟಿ ಯೂರೋಗಳ ತನ್ನ ಮೊದಲ ಹಸಿರು ಬಾಂಡನ್ನು ಹೊರತಂದಿತು. ಅವಧಿ, ಬಡ್ಡಿ ಎರಡರಲ್ಲಿಯೂ ಸಮನಾದ ಸಾಮಾನ್ಯ ಬಾಂಡೊಂದು ಅದಕ್ಕೆ ಅವಳಿಯಾಯಿತು. ಹಸಿರಿನ ಬೆಲೆ ಕೆಳಗಿಳಿಯದಿರಲೆಂದು, ಅದನ್ನು ಕೊಟ್ಟು ಅವಳಿಯನ್ನು ಪಡೆಯುವ ಅವಕಾಶವನ್ನೂ ಕಲ್ಪಿಸಲಾಯಿತು. ಹಸಿರಿಗಾಗಿ ಕೊಂಡವರು ಅಂದು ಬಿಟ್ಟುಕೊಟ್ಟ ವಾರ್ಷಿಕ ಪ್ರತಿಫಲ ಶೇಕಡಾ 0.01ರ ಆಸುಪಾಸು.