ಕೋಕ್ ಕಲ್ಲಿದ್ದಲಿನ ಪರೀಕ್ಷೆ: ಭಾರತದಲ್ಲಿ

ಕಬ್ಬಿಣದ ಊದುಕುಲುಮೆಯಲ್ಲಿ ಕೋಕ್ ಶಾಖ ಕೊಡುತ್ತದೆ, ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವ ಅನಿಲವಾಗುತ್ತದೆ, ಮೇಲಿನ ಭಾರವನ್ನು ಪುಡಿಯಾಗದೆ ಹೊತ್ತು ಗಾಳಿಗೆ ದಾರಿ ಬಿಡುತ್ತದೆ. ಗಾಳಿಯಾಡದ ಗೂಡಿನಲ್ಲಿ ಕಾಯಿಸಿದಾಗ ಮೆತ್ತಗಾಗಿ, ಉಬ್ಬಿ, ಮತ್ತೆ ಗಟ್ಟಿಯಾಗುವ ಕಲ್ಲಿದ್ದಲಿನಿಂದಷ್ಟೇ ಅಂಥ ಕೋಕ್ ಸಿಗುತ್ತದೆ. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ 1709ರಲ್ಲಿ ಏಬ್ರಹಾಂ ಡಾರ್ಬಿ ಕೋಕ್ ಬಳಸಿ ಕಬ್ಬಿಣ ಕರಗಿಸಿದಾಗ ಗೂಡೇ ಪ್ರಯೋಗಶಾಲೆಯಾಗಿತ್ತು. ಬಹುಕಾಲ ಹಾಗೆಯೇ ನಡೆಯಿತು.

ಬಂಗಾಳದ ಕುಲ್ಟಿಯಲ್ಲಿ 1870ರ ದಶಕದಲ್ಲಿ ಕೋಕ್‌ನ ಕುಲುಮೆ ಹೊತ್ತಿತು. ಜಮ್‌ಶೆಡ್‌ಪುರದಲ್ಲಿ 1911ರಲ್ಲಿ ಮೊದಲ ಕಬ್ಬಿಣ ಹರಿಯುವ ಹೊತ್ತಿಗೆ ಝರಿಯಾ ಕಲ್ಲಿದ್ದಲಿಗೆ ಹೆಸರು ಬಂದಿತ್ತು. ಅದು ಚೆನ್ನಾಗಿ ಹೆಪ್ಪುಗಟ್ಟುತ್ತದೆ, ಕಾಟವೆಲ್ಲ ಬೂದಿಯದು. ಝರಿಯಾದಂಥ ಗೊಂಡ್ವಾನ ಕಲ್ಲಿದ್ದಲಿನಲ್ಲಿ ಮಣ್ಣಿನಂಶ ನುಣ್ಣಗೆ ಬೆರೆತಿರುವುದರಿಂದ ತೊಳೆದರೂ ಬೂದಿ ಸುಲಭವಾಗಿ ಬಿಡದು. ಬೂದಿ ಹೆಚ್ಚಿದಷ್ಟೂ ಸುಣ್ಣಕಲ್ಲು ಹೆಚ್ಚು ಬೇಕು, ಕಿಟ್ಟವೂ ಹೆಚ್ಚು. ಉತ್ತಮ ಪದರಗಳು ಕರಗುತ್ತ ಬಂದಂತೆ ಧನಬಾದ್ ಬಳಿಯ ದಿಗ್ವಾಡಿಹ್‌ನಲ್ಲಿ 1950ರಲ್ಲಿ ಕೇಂದ್ರೀಯ ಇಂಧನ ಸಂಶೋಧನಾ ಸಂಸ್ಥೆ ತೆರೆಯಿತು. ಉಬ್ಬುವಿಕೆ, ಮೆದುವಾಗುವ ಉಷ್ಣತೆ, ತೊಳೆದಾಗ ಬೂದಿ ಬಿಡುವ ಗುಣ, ಪ್ರಾಯೋಗಿಕ ಗೂಡಿನ ಕೋಕ್‌ನ ಗಟ್ಟಿತನ ಎಲ್ಲವನ್ನೂ ಪದರಪದರವಾಗಿ ಅಳೆಯುವುದು ಅಲ್ಲಿ ನಿತ್ಯದ ಕೆಲಸವಾಯಿತು.

ಅಸ್ಸಾಮಿನ ಕಲ್ಲಿದ್ದಲಿನದು ತಿರುವುಮುರುವು ಕಥೆ. ಬೂದಿ ಕಡಿಮೆ, ಹೆಪ್ಪುಗಟ್ಟುವ ಗುಣ ಒಳ್ಳೆಯದು, ಆದರೆ ಗಂಧಕ ವಿಪರೀತ. ಅದರ ಬಹುಪಾಲು ಇಂಗಾಲದ ಅಣುಗಳಿಗೇ ಅಂಟಿರುವುದರಿಂದ ತೊಳೆದು ತೆಗೆಯುವಂತಿಲ್ಲ. ಹೀಗಾಗಿ ಒಂದು ಕಲ್ಲಿದ್ದಲು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಹಿಂದೆ ಸರಿದು, ಯಾವುದರೊಡನೆ ಎಷ್ಟು ಬೆರೆಸಬಹುದು ಎಂಬುದು ಮುಂದೆ ಬಂತು. ಭಾರತದ ಕೋಕ್ ಪರೀಕ್ಷೆಯ ನಿಜವಾದ ತಿರುವು ಇದೇ.

ಗಟ್ಟಿತನದ ಪರೀಕ್ಷೆಯೂ ಬದಲಾಯಿತು. ತಣ್ಣನೆಯ ಕೋಕನ್ನು ಡ್ರಮ್ಮಿನಲ್ಲಿ ಉರುಳಿಸಿ ನೋಡಿದರೆ ಸಾಲದು, ಬಿಸಿ ಅನಿಲದಲ್ಲಿ ಅದು ಎಷ್ಟು ಸವೆಯುತ್ತದೆ ಎಂಬುದೂ ಬೇಕೆಂದು ಜಪಾನಿನ ತಜ್ಞರು ಹೊಸ ವಿಧಾನ ರೂಪಿಸಿದರು. 200 ಗ್ರಾಂ ಕೋಕನ್ನು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಂಗಾಲದ ಡೈಆಕ್ಸೈಡಿಗೆ ಒಡ್ಡಿ, ಆಮೇಲೆ 600 ಸುತ್ತು ಉರುಳಿಸುತ್ತಾರೆ. 10 ಮಿ.ಮೀ.ಗಿಂತ ದೊಡ್ಡದಾಗಿ ಉಳಿದ ಪಾಲೇ ಅದರ ಬಲ.

ಕರ್ನಾಟಕದಲ್ಲಿ ಪರೀಕ್ಷಿಸಲು ಕಲ್ಲಿದ್ದಲೇ ಇರಲಿಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡದ್ದು ಮಲೆನಾಡಿನ ಮರದ ಇದ್ದಿಲಿನಿಂದ. ತೋರಣಗಲ್ಲಿನ ಉಕ್ಕು ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ಕೋಕ್‌ನ ಅಗತ್ಯವನ್ನು ಬಹುಮಟ್ಟಿಗೆ ತಪ್ಪಿಸುವ ಕೊರೆಕ್ಸ್ ವಿಧಾನದಿಂದ ಕೆಲಸ ಆರಂಭಿಸಿತು. ಮುಂದೆ ಅಲ್ಲೂ ಊದುಕುಲುಮೆಗಳು ಎದ್ದವು, ಕೋಕ್ ಗೂಡುಗಳಿಗೆ ಹಡಗಿನಲ್ಲಿ ಕಲ್ಲಿದ್ದಲು ಬಂತು.