ಬುರುಡೆಗೂ ಒಂದು ಶಿಸ್ತು

1893ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೈನ್‌ಲ್ಯಾಂಡರ್ ಊರಿನಲ್ಲಿ ಒಂದು ಸುದ್ದಿ ಹಬ್ಬಿತು. ಕಾಡಿನ ಮರ ಅಳೆದು ಬೆಲೆ ಕಟ್ಟುವ ಕೆಲಸ ಮಾಡುತ್ತಿದ್ದ ಯೂಜೀನ್ ಶೆಪರ್ಡ್ ಎಂಬಾತ ಒಂದು ಘೋರ ಪ್ರಾಣಿಯನ್ನು ಕಂಡನಂತೆ. ತಲೆಯ ಮೇಲೆ ಕೊಂಬು, ಬೆನ್ನುದ್ದಕ್ಕೂ ಈಟಿಯಂಥ ಮುಳ್ಳು. ಹೆಸರು ಹೋಡಾಗ್. ಆಹಾರ ಬಿಳಿ ಬುಲ್‌ಡಾಗ್, ಅದೂ ಭಾನುವಾರ ಮಾತ್ರ! ಕೊನೆಗೆ ಡೈನಮೈಟ್ ಸಿಡಿಸಿ ಅದನ್ನು ಕೊಲ್ಲಬೇಕಾಯಿತಂತೆ. 1896ರಲ್ಲಿ ಇನ್ನೊಂದನ್ನು ಕ್ಲೋರೋಫಾರ್ಮ್ ಕೊಟ್ಟು ಜೀವಂತ ಹಿಡಿದೆನೆಂದು ಶೆಪರ್ಡ್ ಸಾರಿದ. ಜಾತ್ರೆಯ ಮಬ್ಬು ಬೆಳಕಿನ ಡೇರೆಯಲ್ಲಿ ಅದನ್ನು ನೋಡಲು ಜನ ಕಾಸು ಕೊಟ್ಟು ಸಾಲುಗಟ್ಟಿದರು. ಒಳಗಿದ್ದದ್ದು ಮರ ಕೆತ್ತಿ ಚರ್ಮ ಹೊದಿಸಿದ ಬೊಂಬೆ. ಮರೆಯಿಂದ ತಂತಿ ಎಳೆದಾಗ ಅದು ಅಲುಗುತ್ತಿತ್ತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯವರು ಪರೀಕ್ಷೆಗೆ ಬರುತ್ತಾರೆಂಬ ಮಾತು ಎದ್ದಾಗ ಶೆಪರ್ಡ್ ನಿಜ ಒಪ್ಪಿಕೊಂಡನೆಂದು ಊರಿನವರು ಇಂದಿಗೂ ಹೇಳುತ್ತಾರೆ. ಮೋಸ ಹೋದ ಊರು ಮುನಿಸಿಕೊಳ್ಳಲಿಲ್ಲ. ಹೋಡಾಗ್ ಈಗ ರೈನ್‌ಲ್ಯಾಂಡರಿನ ಲಾಂಛನ.

ನಾವು ‘ಬುರುಡೆ ಬಿಡುವುದು’, ‘ರೈಲು ಬಿಡುವುದು’ ಎನ್ನುತ್ತೇವಲ್ಲ, ಅದಕ್ಕೆ ಮರ ಕಡಿಯುವವರ ಈ ಲೋಕದಲ್ಲಿ ಒಂದು ಕಲೆಯ ಸ್ಥಾನವಿತ್ತು. ಯಾಕೆಂದು ತಿಳಿಯಬೇಕಾದರೆ ಅವರ ಚಳಿಗಾಲದ ಕ್ಯಾಂಪುಗಳನ್ನು ನೋಡಬೇಕು.

ಮಿಶಿಗನ್, ವಿಸ್ಕಾನ್ಸಿನ್, ಮಿನೆಸೋಟಾಗಳ ಬಿಳಿ ಪೈನ್ ಕಾಡುಗಳಲ್ಲಿ ಮರ ಕಡಿಯುವ ಕೆಲಸ ಮುಖ್ಯವಾಗಿ ಚಳಿಗಾಲದ್ದು. ದಿಮ್ಮಿ ಹೇರಿದ ಸ್ಲೆಡ್ಜ್‌ಗಳು ಮಂಜುಗಟ್ಟಿದ ದಾರಿಯಲ್ಲಿ ಸುಲಭವಾಗಿ ಜಾರುತ್ತಿದ್ದವು. ವಸಂತದಲ್ಲಿ ಮಂಜು ಕರಗಿ ಹೊಳೆ ತುಂಬಿದಾಗ ದಿಮ್ಮಿಗಳು ತೇಲಿಕೊಂಡು ಗಿರಣಿ ಸೇರುತ್ತಿದ್ದವು. ತಿಂಗಳುಗಟ್ಟಲೆ ಮನೆಯಿಂದ ದೂರ, ಒಂದೇ ಮರದ ಮನೆಯಲ್ಲಿ ಹತ್ತಾರು ಗಂಡಸರು. ಅನೇಕ ಕ್ಯಾಂಪುಗಳಲ್ಲಿ ಊಟದ ಮೇಜಿನಲ್ಲಿ ಮಾತಾಡುವುದೇ ನಿಷಿದ್ಧ. ಮಾತೆಲ್ಲ ರಾತ್ರಿ, ಮಲಗುವ ಅಟ್ಟಣೆಗಳ ಮುಂದಿದ್ದ ಉದ್ದನೆಯ ಬೆಂಚಿನ ಮೇಲೆ, ಒಲೆಯ ಸುತ್ತ.

ಆ ಮಾತಿಗೆ ಬಲಿಯಾಗುವವನು ಹೊಸಬ. ಹಳಬನೊಬ್ಬ ನಗು ಸುಳಿಯದ ಮುಖದಲ್ಲಿ ಕಥೆ ಶುರುಮಾಡುತ್ತಿದ್ದ. ಇನ್ನೊಬ್ಬ ‘ಹೌದು, ನಾನೂ ಅಲ್ಲೇ ಇದ್ದೆ’ ಎಂದು ಸಾಕ್ಷಿ ನುಡಿದು, ಒಂದು ಎಳೆ ಸೇರಿಸುತ್ತಿದ್ದ. ಕೊಡಲಿಯ ಹಿಡಿಯನ್ನೇ ತಿಂದು ಬದುಕುವ ನಾಯಿ, ತನ್ನ ಕುರೂಪಕ್ಕೆ ತಾನೇ ಅತ್ತು ಕಣ್ಣೀರಾಗಿ ಕರಗಿಹೋಗುವ ಸ್ಕ್ವಾಂಕ್, ನೀವು ಎತ್ತ ತಿರುಗಿದರೂ ನಿಮ್ಮ ಬೆನ್ನ ಹಿಂದೆಯೇ ಅಡಗುವ ಹೈಡ್‌ಬಿಹೈಂಡ್. ಇಂಥ ಪ್ರಾಣಿಗಳಲ್ಲಿ ಕೆಲವನ್ನು ಅರಣ್ಯಾಧಿಕಾರಿ ವಿಲಿಯಂ ಕಾಕ್ಸ್ 1910ರಲ್ಲಿ ಒಂದು ಪುಸ್ತಕವಾಗಿಯೇ ತಂದ. ಪ್ರಾಣಿಶಾಸ್ತ್ರದ ಗಂಭೀರ ಧಾಟಿಯಲ್ಲಿ, ಲ್ಯಾಟಿನ್ ಹೆಸರುಗಳ ಸಮೇತ.

ಹೈಡ್‌ಬಿಹೈಂಡ್ ಯಾರ ಕಣ್ಣಿಗೂ ಬಿದ್ದಿಲ್ಲ. ಆದರೆ ಕೆಲಸಕ್ಕೆ ಹೋಗಿ ಹಿಂದಿರುಗದವನನ್ನು ಅದೇ ಹೊತ್ತೊಯ್ದಿತೆಂದು ಹೇಳುವುದಿತ್ತು. ಇದನ್ನು ಬರೀ ತಮಾಷೆ ಎನ್ನುವುದು ಕಷ್ಟ. ಮೇಲಿಂದ ಕಳಚಿ ಬೀಳುವ ಒಣ ಕೊಂಬೆಗೆ ಆ ಜನ ಇಟ್ಟಿದ್ದ ಹೆಸರು ‘ವಿಧವೆ ಮಾಡುವಂಥದ್ದು’. ಹೊಳೆಯಲ್ಲಿ ದಿಮ್ಮಿಗಳು ಸಿಕ್ಕಿಕೊಂಡಾಗ ಬಿಡಿಸಲು ಹೋದವರು ಅವುಗಳಡಿ ಸಿಲುಕಿ ಸಾಯುತ್ತಿದ್ದರು. ಹೊಸಬನನ್ನು ಗೇಲಿ ಮಾಡುವುದರ ಹಿಂದೆ ಒಂದು ಪರೀಕ್ಷೆಯೂ ಇತ್ತು: ಇವನು ಸಿಡುಕುತ್ತಾನೋ, ಪೆಚ್ಚಾಗಿ ಮೂಲೆ ಸೇರುತ್ತಾನೋ, ನಕ್ಕು ಮುಂದಿನ ಹೊಸಬನಿಗೆ ತಾನೇ ಕಥೆ ಹೇಳುವವನಾಗುತ್ತಾನೋ? ನಾಳೆ ಗರಗಸದ ಇನ್ನೊಂದು ತುದಿ ಹಿಡಿಯುವವನು ಅವನೇ ತಾನೇ.

ಈ ಕಥೆಗಳ ದೊರೆ ಪಾಲ್ ಬನ್ಯನ್ ಎಂಬ ದೈತ್ಯ ಮರಕಡುಕ. ಅವನ ರೊಟ್ಟಿಯ ಹೆಂಚು ಎಷ್ಟು ದೊಡ್ಡದೆಂದರೆ, ಹುಡುಗರು ಕಾಲಿಗೆ ಹಂದಿಯ ಕೊಬ್ಬು ಕಟ್ಟಿಕೊಂಡು ಅದರ ಮೇಲೆ ಜಾರಾಡಿ ಎಣ್ಣೆ ಸವರಬೇಕು. 1906ರಲ್ಲಿ ಮಿಶಿಗನ್ನಿನ ಪತ್ರಿಕೆಯೊಂದರಲ್ಲಿ ಜೇಮ್ಸ್ ಮ್ಯಾಕ್‌ಗಿಲಿವ್ರೇ ಅಚ್ಚುಮಾಡಿಸಿದ ಕಥೆಯಲ್ಲಿ ಬನ್ಯನ್ನನ ಜನ ದಿಮ್ಮಿ ತೇಲಿಸುತ್ತ ಹೋಗಿ ಹೋಗಿ, ಅದೇ ಕ್ಯಾಂಪನ್ನು ಮತ್ತೆ ಮತ್ತೆ ದಾಟುತ್ತಾರೆ. ಕೊನೆಗೆ ಗೊತ್ತಾಗುತ್ತದೆ, ಹೊಳೆ ಉಂಗುರದಂತೆ ದುಂಡಗಿದೆ, ಅದಕ್ಕೆ ಕೊನೆಯೇ ಇಲ್ಲ. ಒಂದು ಚಳಿಗಾಲದ ದುಡಿಮೆಯೆಲ್ಲ ನೀರುಪಾಲು. ಕೂಲಿಯವನಿಗೆ ಆ ನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಕಥೆ ಅಚ್ಚಿಗೆ ಬಂದ ಕಾಲವನ್ನು ಗಮನಿಸಬೇಕು. ಆ ಹೊತ್ತಿಗೆ ಅಲ್ಲಿನ ಪೈನ್ ಕಾಡು ಬಹುಪಾಲು ಮುಗಿದಿತ್ತು. ಕಡಿದವರು ಬಿಟ್ಟುಹೋದ ಒಣ ಸೊಪ್ಪು ಕೊಂಬೆಗಳ ರಾಶಿ ಬರಗಾಲದಲ್ಲಿ ಮದ್ದಿನಂತಾಗುತ್ತಿತ್ತು. 1871ರ ಅಕ್ಟೋಬರ್ 8ರ ರಾತ್ರಿ ವಿಸ್ಕಾನ್ಸಿನ್ನಿನ ಪೆಶ್ಟಿಗೊದಲ್ಲಿ ಎದ್ದ ಬೆಂಕಿಗೆ 1,200ಕ್ಕೂ ಹೆಚ್ಚು ಜನ ಬಲಿಯಾದರು. 1894ರಲ್ಲಿ ಮಿನೆಸೋಟಾದ ಹಿಂಕ್ಲಿಯಲ್ಲಿ 400ಕ್ಕೂ ಹೆಚ್ಚು. ಡಕೋಟಾ ಬಯಲಿನಲ್ಲಿ ಮರ ಯಾಕಿಲ್ಲ ಎಂದರೆ ಬನ್ಯನ್ ಅಷ್ಟನ್ನೂ ಕಡಿದುಹಾಕಿದ ಎಂಬುದು ಬುರುಡೆ. ಮಿಶಿಗನ್ನಿನಲ್ಲಿ ಪೈನ್ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಬುರುಡೆಯಾಗಿರಲಿಲ್ಲ.

ಮಿನೆಸೋಟಾದ ರೆಡ್ ರಿವರ್ ಲಂಬರ್ ಕಂಪನಿ ಮರ ತೀರುತ್ತ ಬಂದಾಗ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಲ್ಲಿನ ಹೊಸ ಗಿರಣಿಯನ್ನು ಗಿರಾಕಿಗಳಿಗೆ ಪರಿಚಯಿಸಬೇಕಿತ್ತು. ಹಿಂದೆ ಕ್ಯಾಂಪುಗಳಲ್ಲಿ ದುಡಿದಿದ್ದ ವಿಲಿಯಂ ಲಾಹೆಡ್ 1914ರಲ್ಲಿ ಬನ್ಯನ್ ಕಥೆಗಳನ್ನೇ ಜಾಹೀರಾತಿನ ಪುಸ್ತಿಕೆ ಮಾಡಿದ. ನೀಲಿ ಎತ್ತಿಗೆ ‘ಬೇಬ್’ ಎಂದು ಹೆಸರಿಟ್ಟವನೂ ಅವನೇ. ಬನ್ಯನ್ ಮನೆಮಾತಾದದ್ದು ಹೀಗೆ. 1950ರಲ್ಲಿ ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ ಇಂಥ ಸರಕಿಗೆ ‘ಫೇಕ್‌ಲೋರ್’, ಎಂದರೆ ನಕಲಿ ಜಾನಪದ ಎಂದು ಹೆಸರಿಟ್ಟ. ಬೆಂಚಿನ ಮೇಲೆ ಕೂತವನಿಗೆ ತನ್ನನ್ನು ಆಡಿಸುತ್ತಿದ್ದಾರೆಂದು ಇವತ್ತಲ್ಲ ನಾಳೆ ತಿಳಿಯುತ್ತಿತ್ತು, ಆಮೇಲೆ ಅವನೂ ಆಟದಲ್ಲಿ ಪಾಲುದಾರ. ಪುಸ್ತಿಕೆ ಓದಿದವನಿಗೆ ಆ ಸರದಿ ಬರಲೇ ಇಲ್ಲ.

ಸರದಿಯ ಆಟ ಉಳಿದದ್ದು ಸ್ಪರ್ಧೆಗಳಲ್ಲಿ. ತೇಲುವ ದಿಮ್ಮಿಯ ಮೇಲೆ ನಿಂತು ಎದುರಾಳಿಯನ್ನು ನೀರಿಗೆ ಕೆಡಹುವ ಆಟ ದಿಮ್ಮಿ ಸಾಗಿಸುವವರ ಕಸುಬಿನಿಂದಲೇ ಹುಟ್ಟಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಕೊಡಲಿ ಸ್ಪರ್ಧೆ ಪಂದ್ಯ ಕಟ್ಟುವ ಜಗಳದಿಂದ ಬೆಳೆದು, 1891ರಲ್ಲಿ ಲಾಟ್ರೋಬ್ ಊರಿನಲ್ಲಿ ಸಂಘಟಿತ ಕ್ರೀಡೆಯಾಯಿತು. ಅಲ್ಲಿ ಹ್ಯಾಂಡಿಕ್ಯಾಪ್ ಪದ್ಧತಿ ಇದೆ. ಸಾಧಾರಣ ಸ್ಪರ್ಧಿ ಮೊದಲು ಕಡಿಯಲು ಶುರುಮಾಡುತ್ತಾನೆ, ಎಣಿಕೆ ಜೋರಾಗಿ ಸಾಗುತ್ತಿರುತ್ತದೆ, ಚಾಂಪಿಯನ್ ತನ್ನ ಅಂಕಿ ಬರುವವರೆಗೆ ಕೊಡಲಿ ಹಿಡಿದು ಕಾಯಬೇಕು. ದಿಮ್ಮಿಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಹಾಗಾಗಿ ಸೋತವನ ದಿಮ್ಮಿಯಲ್ಲಿ ಕಬ್ಬಿಣದಂಥ ಗಂಟು ಇದ್ದೇ ಇರುತ್ತದೆ, ವರ್ಷ ಕಳೆದಂತೆ ಅದು ದಪ್ಪವೂ ಆಗುತ್ತದೆ!

ವಿಸ್ಕಾನ್ಸಿನ್ನಿನ ಹೇವರ್ಡ್‌ನಲ್ಲಿ ಟೋನಿ ವೈಸ್ 1960ರಲ್ಲಿ ಲಂಬರ್‌ಜ್ಯಾಕ್ ವಿಶ್ವ ಚಾಂಪಿಯನ್‌ಶಿಪ್ ಆರಂಭಿಸಿದ. ದಿಮ್ಮಿ ಉರುಳಿಸುವ ಆಟ ನಡೆಯುವ ಕೊಳದಲ್ಲಿ ಹಿಂದೆ ಮರದ ಕಂಪನಿಯೊಂದು ಗಿರಣಿಗೆ ಹೋಗಬೇಕಾದ ಪೈನ್ ದಿಮ್ಮಿಗಳನ್ನು ತೇಲಿಬಿಡುತ್ತಿತ್ತು. ಕಾಡೂ ಕ್ಯಾಂಪೂ ಹೋದವು. ದಿಮ್ಮಿಯಿಂದ ಜಾರಿ ನೀರಿಗೆ ಬಿದ್ದವನನ್ನು ನೋಡಿ ದಡದ ಜನ ಇಂದಿಗೂ ನಗುತ್ತಾರೆ. ಒದ್ದೆ ಬಟ್ಟೆಯಲ್ಲಿ ಮೇಲೆ ಬಂದವನ ಬಳಿ ಅದಕ್ಕೆ ಒಂದು ಕಥೆ ಸಿದ್ಧವಿರುತ್ತದೆ.