ಎಂ. ಪಿ. ಟಿ. ಆಚಾರ್ಯ: ವಸಾಹತು ವಿರೋಧದಿಂದ ಅರಾಜಕತಾವಾದಕ್ಕೆ

ಕನ್ನಡದಲ್ಲಿ ‘ಅರಾಜಕತೆ’ ಎಂದರೆ ಹೇಳುವವರು ಕೇಳುವವರಿಲ್ಲದ ಸ್ಥಿತಿ. ಅರಾಜಕತಾವಾದವು ಹೇಳುವುದು ಬೇರೆ: ವ್ಯವಸ್ಥೆ ಇರಲಿ, ಆದರೆ ಅದು ಮೇಲಿನಿಂದ ಹೇರಿದ್ದಾಗದೆ ಜನರೇ ಒಪ್ಪಿ ಕಟ್ಟಿಕೊಂಡದ್ದಾಗಿರಲಿ. ಬಕುನಿನ್, ಕ್ರೊಪೊಟ್ಕಿನ್ ಮೊದಲಾದ ಐರೋಪ್ಯರ ಹೆಸರಿನೊಡನೆಯೇ ಇದನ್ನು ಗುರುತಿಸುವ ರೂಢಿಯಿಂದಾಗಿ, ವಸಾಹತುಗಳ ಜನ ಇದಕ್ಕೆ ಸೇರಿಸಿದ್ದು ಮರೆಯಾಗಿದೆ. ಮಂಡಯಂ ಪಾರ್ಥಸಾರಥಿ ತಿರುಮಲ ಆಚಾರ್ಯರು (1887–1954) ಹಾಗೆ ಮರೆಯಾದವರಲ್ಲಿ ಒಬ್ಬರು.

ಮೈಸೂರು ಸೀಮೆಯ ಮೂಲದ ಅಯ್ಯಂಗಾರ್ ಮನೆತನದ ಆಚಾರ್ಯರು ಹುಟ್ಟಿದ್ದು ಮದರಾಸಿನಲ್ಲಿ. ಸುಬ್ರಹ್ಮಣ್ಯ ಭಾರತಿಯವರೊಡನೆ ‘ಇಂಡಿಯಾ’ ಪತ್ರಿಕೆಯಲ್ಲಿ ದುಡಿದು, ಬ್ರಿಟಿಷರ ಕಣ್ಣು ತಪ್ಪಿಸಿ ಪಾಂಡಿಚೇರಿಗೂ, ಅಲ್ಲಿಂದ ಯೂರೋಪಿಗೂ ಹೋದರು. 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಹುಟ್ಟಿದಾಗ ಸ್ಥಾಪಕರಲ್ಲಿದ್ದ ಅವರು, ಎಂ. ಎನ್. ರಾಯ್ ಅವರೊಡನೆ ವಿರಸ ಬೆಳೆದು ಬೇಗನೆ ಹೊರಬಿದ್ದರು. 1922ರ ಕೊನೆಗೆ ಬರ್ಲಿನ್ ಸೇರಿದ ಮೇಲೆ ಸಾಯುವವರೆಗೂ ಅರಾಜಕತಾವಾದಿಯಾಗಿಯೇ ಉಳಿದರು.

ಅವರ ವಾದದ ತಿರುಳು ಇಷ್ಟು: ಬಿಳಿಯರು ಬಿಟ್ಟುಹೋದ ಪೊಲೀಸು, ಸೆರೆಮನೆ, ಕಂದಾಯದ ಯಂತ್ರವನ್ನು ದೇಶೀಯರು ನಡೆಸತೊಡಗಿದ ಮಾತ್ರಕ್ಕೆ ವಸಾಹತು ಮುಗಿಯದು. ಇದು ಅತಿಶಯೋಕ್ತಿಯೆಂದು ತೋರಬಹುದು. ಆದರೆ ಸಂವಿಧಾನ ಜಾರಿಗೆ ಬಂದ ಮರುತಿಂಗಳೇ, 1950ರ ಫೆಬ್ರವರಿಯಲ್ಲಿ, ವಿಚಾರಣೆಯಿಲ್ಲದೆ ಬಂಧಿಸಿಡುವ ಶಾಸನ ಬಂದಿತು. 1860ರ ದಂಡ ಸಂಹಿತೆ 2024ರ ಜುಲೈ 1ರವರೆಗೂ ಉಳಿಯಿತು. ಬೊಲ್ಶೆವಿಕ್ ರಷ್ಯಾವನ್ನು ಹತ್ತಿರದಿಂದ ಕಂಡಿದ್ದ ಆಚಾರ್ಯರಿಗೆ, ಪ್ರಭುತ್ವವೇ ಏಕೈಕ ಧಣಿಯಾಗುವ ಮಾರ್ಗವೂ ರುಚಿಸಲಿಲ್ಲ.

ಪ್ರಭುತ್ವಕ್ಕೆ ಬದಲಾಗಿ ಅವರು ಮುಂದಿಟ್ಟದ್ದು ಸ್ವಾಯತ್ತ ಸಮುದಾಯಗಳನ್ನು. ತೊಡಕು ಇಲ್ಲಿಯೇ ಇದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಆರಾಧನೆಯನ್ನು ಕಟುವಾಗಿ ಖಂಡಿಸಿ, ಹೊಸ ಸಂವಿಧಾನದ ಘಟಕವು ವ್ಯಕ್ತಿಯೇ ಹೊರತು ಗ್ರಾಮವಲ್ಲವೆಂದರು. ಕೆರೆಯ ನೀರು ಮುಟ್ಟಲು ಬಿಡದ ಊರು ಸ್ವಾಯತ್ತವಾದರೆ ದಲಿತರು ಯಾರಲ್ಲಿ ದೂರಬೇಕು? ಅಧಿಕಾರವೆಂದರೆ ಸರ್ಕಾರವೆಂದಷ್ಟೇ ಭಾವಿಸುವ ಅರಾಜಕತಾವಾದಕ್ಕೆ ಇದು ಉತ್ತರಿಸಲಾಗದ ಪ್ರಶ್ನೆ. ಎಲ್ಲ ಮೇಲು-ಕೀಳುಗಳನ್ನೂ ಅಧಿಕಾರವೆಂದು ಕಾಣುವ ಅರಾಜಕತಾವಾದಕ್ಕಾದರೋ ಅದು ಮೊದಲ ಕೆಲಸ.

ಇದೇ ಪ್ರಶ್ನೆ ಅಮೆರಿಕದಲ್ಲಿ ವರ್ಣಭೇದದ ರೂಪದಲ್ಲಿ ಎದುರಾಯಿತು. ಬ್ಲ್ಯಾಕ್ ಪ್ಯಾಂಥರ್ ಪಕ್ಷದಲ್ಲಿದ್ದ ಲೊರೆಂಜೊ ಕೊಂಬೋವಾ ಎರ್ವಿನ್, 1979ರಲ್ಲಿ ಸೆರೆಮನೆಯಿಂದಲೇ ‘ಅನಾರ್ಕಿಸಂ ಅಂಡ್ ದ ಬ್ಲ್ಯಾಕ್ ರೆವಲ್ಯೂಷನ್’ ಬರೆದರು. ವರ್ಗವೊಂದನ್ನೇ ನೋಡಿ ಜನಾಂಗವನ್ನು ಬದಿಗಿಡುವ ಬಿಳಿಯ ಅರಾಜಕತಾವಾದಿಗಳನ್ನೂ, ನಾಯಕಪೂಜೆಗೆ ಒಲಿದ ತಮ್ಮ ಹಳೆಯ ಪಕ್ಷವನ್ನೂ ಅವರು ಬಿಡಲಿಲ್ಲ. ತಾಷ್ಕೆಂಟಿನಿಂದ ಹೊರಬಿದ್ದ ಆಚಾರ್ಯರಿಗೆ ಈ ಎರಡನೆಯ ದೂರು ಪರಿಚಿತವೆನಿಸುತ್ತಿತ್ತು.

1935ರಲ್ಲಿ ಮುಂಬಯಿಗೆ ಮರಳಿದ ಆಚಾರ್ಯರು, ಚಿತ್ರಕಾರ್ತಿಯಾಗಿದ್ದ ಪತ್ನಿ ಮಗ್ದಾ ನಾಖ್ಮನ್ 1951ರಲ್ಲಿ ತೀರಿಕೊಂಡ ಮೂರು ವರ್ಷಕ್ಕೆ ಬಡತನದಲ್ಲಿಯೇ ಮಡಿದರು. ಅವರ ಲೇಖನಗಳ ಇಂಗ್ಲಿಷ್ ಸಂಕಲನ ‘ವೀ ಆರ್ ಅನಾರ್ಕಿಸ್ಟ್ಸ್’ ಪ್ರಕಟವಾದದ್ದು 2019ರಲ್ಲಿ.